ಬೀಜಿಯ ಮನಸ್ಸು ಕರಗಲೆಂದು

ಬಾಲಯೇಸುವನ್ನು ಎಕ್ಸ್-ರೇ ಯಂತ್ರದೊಳಗೆ ಕಳಿಸಿದವಳು ನಾನು. ದೆಹಲಿಗೆ ಬಂದ ಮೊದಲ ವರ್ಷ, ಡಿಸೆಂಬರಿನ ಒಂದು ಮಧ್ಯಾಹ್ನ, ಕ್ರಿಸ್‌ಮಸ್ಸಿನ ಗೋದಲಿಗೆಂದು, ಅಂದರೆ ಮನೆಯಲ್ಲಿ ಕಟ್ಟುವ ಯೇಸುವಿನ ಕೊಟ್ಟಿಗೆಗೆಂದು, ಬಜಾರಿನಲ್ಲಿ ಗೇಣುದ್ದದ ಒಂದು ಮಣ್ಣಿನ ಹಸುಗೂಸನ್ನು ಕೊಂಡು, ಹಳೆಯ ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಮೆಟ್ರೋ ನಿಲ್ದಾಣಕ್ಕೆ ಬಂದೆ. ಇಲ್ಲಿ ರೈಲು ಹತ್ತುವ ಮುಂಚೆ ಚೀಲವನ್ನು ಓಡುವ ಪಟ್ಟಿಯ ಮೇಲಿಟ್ಟು ಯಂತ್ರದ ಬಾಯಿಗೆ ಕೊಡಬೇಕು. ಚೀಲ ಆಚೆ ಬದಿಗೆ ಬಂದಾಗ ಪರದೆ ನೋಡುತ್ತಿದ್ದ ಭದ್ರತೆಯ ಹೆಂಗಸು ಅದರ ಮೇಲೆ ಕೈಯಿಟ್ಟಳು. ಪರದೆಯಲ್ಲಿ ಕೈಕಾಲು ಚಾಚಿ ಮಲಗಿದ ಒಂದು ಪುಟ್ಟ ಆಕಾರ, ಅದರೊಳಗೆಲ್ಲ ತಂತಿ.

"ಅಂದರ್ ಕ್ಯಾ ಹೈ?" ಒಳಗೇನಿದೆ ಎಂದು ಕೇಳುತ್ತಿದ್ದಾಳೆ ಎಂಬಷ್ಟು ತಿಳಿಯಿತು.

"ಬಚ್ಚಾ," ಎಂದೆ. ಮಗು.

ಅವಳ ಮುಖ ಬಿಳಿಚಿಕೊಂಡಿತು. "ಕಿಸ್ಕಾ ಬಚ್ಚಾ?"

ಯಾರ ಮಗು ಎಂದರೆ ಏನು ಹೇಳಲಿ? ಇದ್ದಬದ್ದ ಹಿಂದಿಯನ್ನೆಲ್ಲ ಒಟ್ಟುಮಾಡಿ, "ಭಗವಾನ್ ಕಾ," ಎಂದೆ.

ಟವೆಲು ಬಿಚ್ಚಿ ನೋಡಿ ಅವಳು ನಕ್ಕುಬಿಟ್ಟಳು. ಸಾಲಿನಲ್ಲಿ ನನ್ನ ಹಿಂದಿದ್ದವನೊಬ್ಬ, "ಮೇಡಂಜೀ, ಭಗವಾನ್ ಕೋ ಜಾನೇ ದೋ, ಹಮಾರೀ ಟ್ರೇನ್ ಛೂಟ್ ಜಾಯೇಗೀ!" ಎಂದು ಕೂಗಿದ. ದೇವರನ್ನು ಬಿಟ್ಟುಬಿಡಿ, ನಮ್ಮ ರೈಲು ತಪ್ಪುತ್ತದೆ ಎಂದು. ನಮ್ಮೂರಿನಲ್ಲಿ ಇಂಥದೇ ಹಸುಗೂಸನ್ನು ಪೆಟ್ಟಿಗೆಯಿಂದ ತೆಗೆಯುವಾಗ ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗು ಹೊದೆಯುತ್ತೇವೆ.

ನಮ್ಮೂರು ಕನಕಪುರದಿಂದಾಚೆ, ಹಿಪ್ಪುನೇರಳೆ ತೋಟಗಳ ನಡುವಿನ ಕ್ರೈಸ್ತರ ಊರು. ನನ್ನ ಹೆಸರು ಫಿಲೋಮಿನಾ. ದೆಹಲಿಯವರ ಬಾಯಿಗೆ ಅದು ಉದ್ದವಾಗಿ ಮೀನಾ ಆಗಿದ್ದೇನೆ. ಬೆಂಗಳೂರಿನಲ್ಲಿ ನಾನು ಅಡುಗೆಗಿದ್ದ ಮನೆಯ ಯಜಮಾನರು ಕೇಂದ್ರ ಸರ್ಕಾರದ ಅಧಿಕಾರಿ. ಅವರಿಗೆ ದೆಹಲಿಗೆ ವರ್ಗವಾದಾಗ ನನ್ನನ್ನೂ ಇಲ್ಲಿನ ದ್ವಾರಕಾ ಬಡಾವಣೆಗೆ ಕರೆತಂದರು. ಆಮೇಲೆ ಅವರಿಗೆ ಮತ್ತೆ ವರ್ಗವಾಯಿತು. ಅವರು ಹೋದರು, ನಾನು ಉಳಿದೆ. ಈಗ ಅಲ್ಲಿನ ಕೆಲವು ಕನ್ನಡದವರ ಮನೆಗಳಲ್ಲಿ ಅಡುಗೆ ಮಾಡುತ್ತೇನೆ. ಅವರ ಮಕ್ಕಳು, "ಆಂಟಿ, ಉಪ್ಪಿಟ್ಟು ನಹೀ ಚಾಹಿಯೇ, ದೋಸೆ ಬನಾವೋ ನಾ," ಎನ್ನುತ್ತವೆ. ನಾನು ಕನ್ನಡದಲ್ಲಿ ಗದರುತ್ತೇನೆ, ಅವು ಹಿಂದಿಯಲ್ಲಿ ಗೋಗರೆಯುತ್ತವೆ. ಕೊನೆಗೆ ದೋಸೆಯೇ ಆಗುತ್ತದೆ.

ನಾನಿರುವುದು ದ್ವಾರಕಾದ ಪಕ್ಕದ ಹಳೆಯ ಕಾಲೊನಿಯ ಒಂದು ಬರ್ಸಾತಿಯಲ್ಲಿ. ಬರ್ಸಾತಿ ಎಂದರೆ ತಾರಸಿಯ ಮೇಲಿನ ಒಂಟಿ ಕೋಣೆ. ಕೆಳಗೆ ಮನೆಯೊಡತಿ ಇರುತ್ತಾರೆ, ಪಂಜಾಬಿ ವಿಧವೆ. ಎಲ್ಲರೂ ಅವರನ್ನು ಬೀಜಿ, ಅಂದರೆ ಅಮ್ಮ ಎಂದೇ ಕರೆಯುವುದು. ಕೋಣೆ ಕೇಳಲು ಹೋದಾಗ ನನ್ನ ಕೊರಳಿನ ಶಿಲುಬೆ ನೋಡಿ, "ಈಸಾಯಿ? ಮಾಂಸ-ಮಚ್ಛಿ ಬೇಯಿಸ್ತೀಯಾ?" ಎಂದರು. ಕ್ರಿಸ್‌ಮಸ್ಸಿಗೆ ಬಿರಿಯಾನಿ ಮಾಡುತ್ತೇನೆ, ಒಂದು ಪಾಲು ಕೆಳಗೆ ಕಳಿಸುತ್ತೇನೆ ಎಂದೆ. ಅವರು ಸ್ವಲ್ಪ ಯೋಚಿಸಿ, "ಲೆಗ್ ಪೀಸ್ ಇರಲಿ," ಎಂದು ಬೀಗದ ಕೈ ಕೊಟ್ಟರು. ಹೊಸ ಊರಿನಲ್ಲಿ ನನ್ನ ಮಾತಿನಿಂದ ನಾನೇ ಗೆದ್ದುಕೊಂಡ ಮೊದಲ ಜಾಗ ಅದು.

ಊರಿನಲ್ಲಿ ಆಗಮನ ಕಾಲ ತಾನಾಗಿ ಬರುತ್ತದೆ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳು, ಬರುವವನಿಗಾಗಿ ಮನೆಯನ್ನೂ ಮನಸ್ಸನ್ನೂ ಗುಡಿಸಿಟ್ಟು ಕಾಯುವ ದಿನಗಳು. ರಾಗಿ ಕೊಯ್ಲು ಮುಗಿದಿರುತ್ತದೆ, ಚರ್ಚಿಗೆ ಸುಣ್ಣ ಬಳಿದಿರುತ್ತಾರೆ, ಪೂಜೆಯಲ್ಲಿ ಸ್ವಾಮಿಗಳು ನೇರಳೆ ಬಣ್ಣದ ಉಡುಪು ತೊಡುತ್ತಾರೆ. ಇಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕು. ಮಾಲುಗಳ ಮುಂದೆ ನವೆಂಬರಿನಲ್ಲೇ ಹತ್ತಿಗಡ್ಡದ ತಾತ ಬಂದು ನಿಂತಿರುತ್ತಾನೆ, ಕಾಯುವ ಪುರಸೊತ್ತು ಯಾರಿಗೂ ಇಲ್ಲ. ನನಗೆ ಅದು ಸಿಕ್ಕಿದ್ದು ನಲ್ಲಿಯ ಹತ್ತಿರ. ನಮ್ಮ ಕಾಲೊನಿಗೆ ನೀರು ಬರುವುದು ಬೆಳಕು ಹರಿಯುವ ಹೊತ್ತಿಗೆ, ಅದೂ ಅದರ ಇಷ್ಟದಂತೆ. ಹೆಂಗಸರು ಶಾಲು ಹೊದ್ದು, ಬಕೆಟ್ ಮುಂದಿಟ್ಟುಕೊಂಡು ನಿಲ್ಲುತ್ತಾರೆ. ಯಾರ ನಲ್ಲಿಯಲ್ಲಿ ಮೊದಲು ನೀರು ಬಂತೋ ಅವರು ಪೈಪಿಗೆ ಚಮಚದಿಂದ ಬಡಿದು ಉಳಿದವರಿಗೆ ತಿಳಿಸುತ್ತಾರೆ. ಆ ಸದ್ದು ಕೇಳಿದರೆ ನನ್ನ ಕೈ ತಾನಾಗಿ ಶಿಲುಬೆ ಗುರುತು ಮಾಡಿಕೊಳ್ಳುತ್ತದೆ. ನಮಗೆ ಚರ್ಚಿನ ಗಂಟೆ ಹೇಗೋ ಇಲ್ಲಿ ಅದು ಹಾಗೆ.

ಗೋದಲಿಯ ಹಸಿರಿಗೆಂದು ಊರಿನಲ್ಲಿ ತೆಂಗಿನ ಚಿಪ್ಪಿನಲ್ಲಿ ರಾಗಿ ಬಿತ್ತುತ್ತೇವೆ. ಇಲ್ಲಿಯೂ ಬಿತ್ತಿದೆ. ದೆಹಲಿಯ ಚಳಿಗೆ ಒಂದು ಕಾಳೂ ಕಣ್ಣು ಬಿಡಲಿಲ್ಲ. ಬೀಜಿ ನೋಡಿ, "ಪಗಲೀ, ಈ ಚಳಿಯಲ್ಲಿ ಗೋಧಿ ಹಾಕಬೇಕು," ಎಂದು ಒಂದು ಹಿಡಿ ಗೋಧಿ ತಂದು ಸುರಿದರು. ವಾರದಲ್ಲಿ ಹುಲ್ಲು ಎದ್ದಿತು. ಅಂದಿನಿಂದ ನನ್ನ ಗೋದಲಿ ಗೋಧಿಯದ್ದು.

ಇಷ್ಟೆಲ್ಲ ಹೇಳಿದ್ದು ಬೀಜಿ ಎಂಥವರೆಂದು ನಿಮಗೆ ಗೊತ್ತಿರಲಿ ಎಂದು. ಯಾಕೆಂದರೆ ನಮ್ಮೂರಿನಲ್ಲಿ ಬಹಳ ಮಂದಿ ಅವರನ್ನು ಕಲ್ಲುಮನಸ್ಸಿನವರೆಂದು ತಿಳಿದಿದ್ದಾರೆ. ಹಾಗೆ ತಿಳಿಯುವಂತೆ ಮಾಡಿದವಳು ನಾನೇ.

ನನಗೊಬ್ಬ ತಮ್ಮನಿದ್ದಾನೆ, ಇನ್ನಾಸಿ. ಚಿಕ್ಕಂದಿನಿಂದ ಅವನಿಗೆ ಮೂರ್ಛೆ ರೋಗ. ಎಲ್ಲಿ ಯಾವಾಗ ಬೀಳುತ್ತಾನೋ ಹೇಳಲಾಗುತ್ತಿರಲಿಲ್ಲ. ಅವ್ವ-ಅಪ್ಪ ಕೂಲಿಗೆ ಹೋಗಬೇಕಿತ್ತು, ಅವನು ಬಿದ್ದಾಗ ಹಿಡಿಯಲು ಒಬ್ಬರು ಬೇಕಿತ್ತು. ಏಳನೆಯ ತರಗತಿಯಲ್ಲಿ ನನ್ನನ್ನು ಶಾಲೆ ಬಿಡಿಸಿದ್ದು ಅದಕ್ಕೆ. ಆಮೇಲೆ ವರ್ಷಗಟ್ಟಲೆ ನಾನು ಒಂದು ಕಿವಿ ಎಚ್ಚರವಿಟ್ಟುಕೊಂಡೇ ಮಲಗಿದೆ. ದೊಡ್ಡವನಾದ ಮೇಲೆ ಅವನು ಹೊಲಿಗೆ ಕಲಿತ. ಅವ್ವ-ಅಪ್ಪ ತೀರಿಕೊಂಡ ಮೇಲೆ ಅವನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ದುಡಿಮೆಗೆ ಹೊರಟೆ. "ಒಂದು ಕೋಣೆ ಅಂತ ಆಗಲಿ, ನಿನ್ನ ಕರೆಸ್ಕೊತೀನಿ," ಎಂದು ಮಾತು ಕೊಟ್ಟೆ.

ಕೋಣೆಯಾಯಿತು. ಬೀಜಿಗೆ ತಮ್ಮನ ವಿಷಯ, ಅವನ ಕಾಯಿಲೆ, ಎಲ್ಲ ಹೇಳಿದೆ. ಅವರು ಬಟಾಣಿ ಸುಲಿಯುತ್ತಾ ತಲೆ ಎತ್ತದೆ, "ಬುಲಾ ಲೇ. ಕಮರಾ ಬಡಾ ಹೈ," ಎಂದರು. ಕರೆಸಿಕೋ, ಕೋಣೆ ದೊಡ್ಡದಿದೆ. ಅಷ್ಟೇ.

ಅಂದು ಸಂಜೆ ಇನ್ನಾಸಿಗೆ ಫೋನು ಮಾಡಿ, "ಓನರಮ್ಮ ಒಪ್ಪಲಿಲ್ಲ ಕಣೋ. ಒಬ್ಬಳೇ ಇರಬೇಕಂತೆ," ಎಂದೆ.

ಯಾಕೆ ಹಾಗೆಂದೆ? ಕಾರಣ ಸಣ್ಣದು. ಯಜಮಾನರ ಮನೆಯಲ್ಲೂ ಅವರು ಕರೆದರೆ ಏಳಬೇಕಿತ್ತು. ಆ ತಾರಸಿಯ ಕೋಣೆಯಲ್ಲಿ ನಾನು ಮೊದಲ ಸಲ ಎರಡೂ ಕಿವಿ ಮುಚ್ಚಿ ಮಲಗಿದ್ದೆ. ರಜಾಯಿಯೊಳಗೆ ಕಾಲು ಚಾಚಿದರೆ ನನ್ನ ಕಾಲು ಮಾತ್ರ. ಆ ರುಚಿಯನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಒಂದು ವರ್ಷ ಇರಲಿ ಎಂದುಕೊಂಡೆ. ಮೂರು ಆಗಮನ ಕಾಲ ಕಳೆದವು. ಪ್ರತಿ ಸಲ ಅವನು ಕೇಳಿದ, ಪ್ರತಿ ಸಲ ನಾನು ಬೀಜಿಯ ಮೇಲೆ ಹಾಕಿದೆ. ಬರಲಿರುವವನಿಗಾಗಿ ಗೋದಲಿ ಸಿಂಗರಿಸಿ, ಬರುತ್ತೇನೆಂದವನಿಗೆ ಜಾಗವಿಲ್ಲ ಎಂದೆ.

ಈ ವರ್ಷ, ಆಗಮನ ಕಾಲದ ಮೊದಲ ವಾರ, ನಾನು ಚಪಾತಿ ಲಟ್ಟಿಸುತ್ತಿರುವಾಗ ಅವನ ಫೋನು ಬಂತು.

"ಅಕ್ಕ, ನಿಮ್ಮ ಓನರಮ್ಮಂಗೆ ಅಂತ ದಿನಾ ಒಂದು ಜಪಸರ ಮಾಡ್ತಾ ಇವ್ನಿ. ಏನಾರ ಮನ್ಸು ಕರಗ್ತಾ?"

ನನ್ನ ಕೈ ನಿಂತಿತು. "ಏನಂದೆ?"

"ನಾನೊಬ್ನೇ ಅಲ್ಲ. ಚಿಕ್ಕಮ್ಮನೂ ಮಾಡ್ತಾವ್ರೆ. ಭಾನುವಾರ ಗುಡೀಲಿ ಎದ್ದು ನಿಂತು ಕೇಳ್ಕೊಂಡೆ, ದೆಹಲೀಲಿ ಒಬ್ಬಮ್ಮ ಅವ್ರೆ, ಆ ತಾಯಿ ಮನ್ಸು ಕರಗ್ಲಿ ಅಂತ ಎಲ್ಲಾರೂ ಬೇಡ್ಕಳಿ ಅಂತ. ಎಲ್ಲಾ ಆಮೆನ್ ಅಂದ್ರು. ಈ ಸಲ ಆಯ್ತದೆ ಬುಡಕ್ಕ."

ಕೆಳಗಿನಿಂದ ಬೀಜಿ, "ಮೀನಾ, ಗಾಜರ್ ಹಲ್ವಾ ಮಾಡಿದೀನಿ, ಬಟ್ಟಲು ತಗೊಂಡು ಬಾ," ಎಂದು ಕೂಗುತ್ತಿದ್ದರು. ಒಂದು ಊರಿಗೆ ಊರೇ ಕರಗಲೆಂದು ಬೇಡುತ್ತಿದ್ದ ಮನಸ್ಸು ಮೆಟ್ಟಿಲ ಬುಡದಲ್ಲಿ ಹಲ್ವಾ ಹಿಡಿದು ನಿಂತಿತ್ತು. ಕಲ್ಲಾಗಿದ್ದದ್ದು ಮಹಡಿಯ ಮೇಲೆ ಲಟ್ಟಣಿಗೆ ಹಿಡಿದಿತ್ತು.

ಕ್ರಿಸ್‌ಮಸ್ಸಿಗೆ ಮುಂಚೆ ನಾವು ಚರ್ಚಿಗೆ ಹೋಗಿ ಪಾದ್ರಿಯ ಬಳಿ ಪಾಪನಿವೇದನೆ ಮಾಡಬೇಕು. ಇಷ್ಟು ವರ್ಷ ಸಣ್ಣಪುಟ್ಟ ಪಾಪಗಳನ್ನು ಹಿಂದಿಯಲ್ಲಿ ಒಪ್ಪಿಸಿ ಬರುತ್ತಿದ್ದೆ. ಕೋಪ ಬಂತು, ಭಾನುವಾರ ಪೂಜೆ ತಪ್ಪಿತು, ಇಂಥವು. ಈ ಸಲ ಮಂಡಿಯೂರಿದಾಗ ಮಾತು ಹೊರಡಲಿಲ್ಲ. ನನ್ನ ಹಿಂದಿ ತರಕಾರಿ ಭಯ್ಯಾನ ಹತ್ತಿರ, ಅಡುಗೆಮನೆಗಳಲ್ಲಿ ಕಲಿತದ್ದು. ಅದರಲ್ಲಿ ಚೌಕಾಸಿಯನ್ನು ಯಾರಿಗೂ ಸೋಲದಂತೆ ಮಾಡುತ್ತೇನೆ. ಇದನ್ನು ಹೇಳಲು ಅದು ಸಾಲದು.

ಜಾಲರಿಯ ಆಚೆ ಇದ್ದವರು ಜಾರ್ಖಂಡಿನ ಕಡೆಯ ಮುದಿ ಪಾದ್ರಿ, ಮಫ್ಲರ್ ಸುತ್ತಿಕೊಂಡು ಕೆಮ್ಮುತ್ತಿದ್ದರು. "ಅಪನೀ ಬೋಲೀ ಮೇಂ ಬೋಲೋ, ಬೇಟೀ," ಎಂದರು. ನಿನ್ನ ಮಾತಿನಲ್ಲೇ ಹೇಳು. "ಕೇಳಬೇಕಾದವನಿಗೆ ಎಲ್ಲ ಭಾಷೆಯೂ ಬರುತ್ತದೆ."

ಕನ್ನಡದಲ್ಲಿ ಹೇಳಿದೆ. ಶಾಲೆಯಿಂದ ಹಿಡಿದು ಹಲ್ವಾದವರೆಗೆ, ತಡೆಯಿಲ್ಲದೆ ಬಂತು. ಮುಗಿಸಿ ಮೂಗೊರೆಸಿಕೊಂಡಾಗ ಅವರು ಕ್ಷಮಾಪಣೆಯ ಪ್ರಾರ್ಥನೆ ಹೇಳಿ, ಪ್ರಾಯಶ್ಚಿತ್ತಕ್ಕೆ ಒಂದು ನಮೋ ಮರಿಯಾ ಜಪ ಹೇಳು ಎಂದರು. ಹಗುರಾಗಿ ಏಳುವಷ್ಟರಲ್ಲಿ ಕೇಳಿದರು: "ಬಾರಿ ಬಾರಿಗೂ 'ಇನ್ನಾಸಿ' ಎಂದೆಯಲ್ಲ, ಅದು ಯಾರು?"

"ಭಾಈ ಹೈ. ತಮ್ಮ."

"ಅವನಿಗೆ ನಿನ್ನ ಭಾಷೆ ಅರ್ಥವಾಗುತ್ತದೆ, ಅಲ್ಲವೇ?" ಎಂದು ಮತ್ತೆ ಕೆಮ್ಮಿದರು. ಮುಂದಿನವಳು ಆಗಲೇ ಮಂಡಿಯೂರಲು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಮೊದಲು ಬೀಜಿಗೆ ಹೇಳಿದೆ. ಚಳಿಗಾಲದಲ್ಲಿ ದೆಹಲಿಯ ಹೆಂಗಸರು ತಾರಸಿಯ ಬಿಸಿಲಿಗೆ ಮಂಚ ಹಾಕಿಕೊಂಡು ಕೂರುತ್ತಾರೆ. ಬೀಜಿ ಶೇಂಗಾ ಬಿಡಿಸುತ್ತಾ ಪೂರ್ತಿ ಕೇಳಿ, ಸಿಪ್ಪೆಯನ್ನೆಲ್ಲ ನನ್ನ ಮಡಿಲಿಗೆ ಒಗೆದರು.

"ಅಂದರೆ ನಿಮ್ಮೂರಿನಲ್ಲಿ ನಾನು ಚುಡೈಲ್?" ಚುಡೈಲ್ ಎಂದರೆ ಹೆಣ್ಣು ದೆವ್ವ. "ನನ್ನ ಹೆಸರು ಹೇಳಿ ಚರ್ಚಿನಲ್ಲಿ ಜನ ಅಳುತ್ತಾರಾ?"

"ಅಳುವುದಿಲ್ಲ ಬೀಜಿ. ಪ್ರಾರ್ಥನೆ ಮಾಡುತ್ತಾರೆ."

"ಅದು ಇನ್ನೂ ಅನ್ಯಾಯ! ಫೋನ್ ಲಗಾ. ಈಗಲೇ. ನನ್ನ ಮುಂದೆ."

ಹಚ್ಚಿದೆ. "ಇನ್ನಾಸಿ, ಓನರಮ್ಮ ಯಾವತ್ತೂ ಬೇಡ ಅಂದಿಲ್ಲ ಕಣೋ. ಮೊದಲನೇ ದಿನವೇ ಕರೆಸ್ಕೊ ಅಂದ್ರು. ಬೇಡ ಅಂದಿದ್ದು ನಾನು." ಆಚೆ ಹೊಲಿಗೆ ಯಂತ್ರ ನಿಂತ ಸದ್ದು ಕೇಳಿಸಿತು.

"ಹಂಗಾರೆ ನಾನು ಇಷ್ಟು ದಿನ ಮಾಡಿದ ಜಪ ಎಲ್ಗೋಯ್ತು?" ಎಂದ. ಫೋನು ಇಟ್ಟುಬಿಟ್ಟ.

ಆಮೇಲೆ ನಾನು ಮಾಡಿದರೆ ಎತ್ತಲಿಲ್ಲ. ಮೂರನೆಯ ಭಾನುವಾರ ಚರ್ಚಿನಲ್ಲಿ ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚಿದರು, ಅದು ಸಂತೋಷದ ಬತ್ತಿ. ನಾನು ಅದನ್ನು ನೋಡದೆ ಬಂದೆ. ಇಷ್ಟು ದಿನ ಅವನನ್ನು ಕಾಯಿಸಿದವಳು ಈಗ ಕಾಯುವವಳಾದೆ. ಹಿಟ್ಟು ರುಬ್ಬುವಾಗ, ಮೆಟ್ರೋದಲ್ಲಿ ನಿಂತಾಗ, ಫೋನನ್ನು ಅಂಗೈಯಲ್ಲೇ ಹಿಡಿದಿರುತ್ತಿದ್ದೆ.

ಕೊನೆಗೆ ಚಿಕ್ಕಮ್ಮನ ಫೋನಿನಿಂದ ಅವನೇ ಮಾಡಿದ. ನಮ್ಮೂರಿನ ಸೈನಿಕನೊಬ್ಬ ರಜೆ ಮುಗಿಸಿ ದೆಹಲಿಗೆ ಹೊರಟಿದ್ದಾನೆ, ಅವನ ಜೊತೆ ಬರುತ್ತೇನೆ ಎಂದ. "ನೀನು ಕರೆದೆ ಅಂತ ಬರ್ತಿಲ್ಲ. ಆ ತಾಯಿನ ಕೆಟ್ಟೋಳು ಅಂತ ಊರಿಗೆಲ್ಲಾ ಸಾರಿವ್ನಿ. ಅವ್ರ ಕಾಲಿಗೆ ಬಿದ್ದು ಬರ್ಬೇಕು. ಇರೋದೋ ಬುಡೋದೋ ನಾನು ನೋಡಿ ಹೇಳ್ತೀನಿ. ನೀನು ಹೇಳ್ಬ್ಯಾಡ."

ಬಂದವನೇ ಬೀಜಿಯ ಕಾಲಿಗೆ ಬಿದ್ದ. ಅವರು ಅವನ ಕಿವಿ ಹಿಂಡಿ ಎಬ್ಬಿಸಿ, ಪಂಜಾಬಿಯಲ್ಲಿ ಬೈದು, ಮೂಲಂಗಿ ಪರಾಠಾದ ಮೇಲೆ ಬೆಣ್ಣೆಯ ಗುಡ್ಡೆ ಇಟ್ಟರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಇಬ್ಬರೂ ನನ್ನನ್ನೇ ತೋರಿಸಿ ತೋರಿಸಿ ಮಾತಾಡುತ್ತಿದ್ದರು. ನಡುವೆ ಅನುವಾದ ಮಾಡುವ ಶಿಕ್ಷೆ ನನಗೆ.

ಮರುದಿನ ಬೆಳಿಗ್ಗೆ ಅವನು ತಾರಸಿಯಲ್ಲಿ ಬಿದ್ದ. ನನ್ನ ಕೈಗಳು ಏನನ್ನೂ ಮರೆತಿರಲಿಲ್ಲ. ತಲೆಯ ಕೆಳಗೆ ಶಾಲು ತಳ್ಳಿ, ಪಕ್ಕಕ್ಕೆ ಹೊರಳಿಸಿ, ಹಿಡಿದುಕೊಂಡೆ. ಬೀಜಿ ಬೀಗದ ಕೈಗಳ ಗೊಂಚಲು ಹಿಡಿದು ಓಡಿ ಬಂದು ಅವನ ಮುಷ್ಟಿಗೆ ತುರುಕಲು ನೋಡಿದರು. ನಮ್ಮೂರಿನಲ್ಲೂ ಹೀಗೇ, ಯಾರಾದರೂ ಬಿದ್ದರೆ ಮೊದಲು ಕಬ್ಬಿಣ ಹುಡುಕುತ್ತಾರೆ. ಅಲ್ಲಿಗೂ ಇಲ್ಲಿಗೂ ಇಷ್ಟು ವರ್ಷ ವ್ಯತ್ಯಾಸಗಳನ್ನೇ ಎಣಿಸುತ್ತಿದ್ದವಳಿಗೆ ಅಳುವಿನ ನಡುವೆಯೂ ನಗು ಬಂತು. "ಬೀಗದ ಕೈ ಬೇಡ ಬೀಜಿ, ಸುಮ್ಮನೆ ಪಕ್ಕದಲ್ಲಿ ಕೂತಿರಿ," ಎಂದೆ. ಕೂತರು.

ಈಗ ಮತ್ತೆ ಒಂದು ಕಿವಿ ಎಚ್ಚರವಿಟ್ಟೇ ಮಲಗುತ್ತೇನೆ. ಆ ಹಳೆಯ ನಿದ್ದೆ ನನಗೆ ಬೇಕೆನಿಸುತ್ತದೆ. ಬೇಡವೆಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಇನ್ನಾಸಿ ಇರುತ್ತೇನೆಂದೂ ಹೇಳಿಲ್ಲ, ಹೋಗುತ್ತೇನೆಂದೂ ಹೇಳಿಲ್ಲ. ಕ್ಷಮಿಸಿದೆ ಎಂದೂ ಹೇಳಿಲ್ಲ. ಬೀಜಿಯ ಹಳೆಯ ಸಲ್ವಾರುಗಳನ್ನೆಲ್ಲ ಬಿಚ್ಚಿ ಹೊಲಿಯುತ್ತಿದ್ದಾನೆ.

ಕ್ರಿಸ್‌ಮಸ್ ಬೆಳಿಗ್ಗೆ ಮೂವರೂ ಚರ್ಚಿಗೆ ಹೋದೆವು. ಬೀಜಿ ಹೊಸ ಶಾಲು ಹೊದ್ದು ಮೊದಲ ಸಲ ಬಂದಿದ್ದರು. ಪೂಜೆ ಹಿಂದಿಯಲ್ಲಿ. ಎಲ್ಲರೂ ಒಟ್ಟಿಗೆ ಹೇಳುವ ಪರಲೋಕ ಜಪದ ಹೊತ್ತಿಗೆ ಇನ್ನಾಸಿ ನಮ್ಮೂರಿನ ಗುಡಿಯಲ್ಲಿ ಹೇಳುವಂತೆಯೇ ಗಟ್ಟಿಯಾಗಿ ಕನ್ನಡದಲ್ಲಿ ಶುರುಮಾಡಿದ. ಸುತ್ತಲಿನವರು ತಿರುಗಿ ನೋಡಿದರು. ನನಗೆ ನಾಚಿಕೆಯಾಗಲಿಲ್ಲ. ಅವನ ಜೊತೆ ಸೇರಿಕೊಳ್ಳಲು ಬಾಯಿ ತೆರೆದೆ, ಬಂದದ್ದು ಹಿಂದಿ. ತಿದ್ದಿಕೊಳ್ಳಲು ನೋಡಿದೆ, ಕನ್ನಡದ ಸಾಲು ನಡುವಿನಲ್ಲಿ ಕೈಕೊಟ್ಟಿತು. ಅವ್ವ ಕಲಿಸಿದ ಜಪ. ಅದು ಯಾವಾಗ ನನ್ನೊಳಗೆ ಭಾಷೆ ಬದಲಿಸಿತೋ ನನಗೆ ಗೊತ್ತಾಗಿರಲಿಲ್ಲ. ಹಿಂದಿಯಲ್ಲೇ ಮುಂದುವರಿದೆ. ಇನ್ನಾಸಿ ನಮಗಿಂತ ಮೊದಲೇ ಮುಗಿಸಿದ. ಆಮೆನ್ ಎನ್ನದೆ, ಕೈಮುಗಿದುಕೊಂಡೇ ನನ್ನ ಕಡೆ ತಿರುಗಿ, ನಾನು ಮುಗಿಸುವವರೆಗೂ ಕಾದು ನಿಂತ.