ಸಾರುವೆ ಮೋಹನಣ್ಣ ಕಂಡ ಜರ್ಮನಿ

ಬೆಳಗಿನ ಐದೂವರೆ. ಅಬುಧಾಬಿಯ ಬನಿಯಾಸ್‌ನಲ್ಲಿ ಏಳುತ್ತಿರುವ ಆರು ಮಹಡಿ ಕಟ್ಟಡದ ಸುತ್ತ ಕಬ್ಬಿಣದ ಪೈಪುಗಳ ಸಾರುವೆ. ಮೋಹನದಾಸ್ ಅದನ್ನು ಹತ್ತುತ್ತಿದ್ದಾರೆ. ಹಲಗೆಯನ್ನು ಹಿಮ್ಮಡಿಯಿಂದ ಒತ್ತುತ್ತಾರೆ, ಪೈಪು ಬಿಗಿಯುವ ಕ್ಲಾಂಪನ್ನು ಸ್ಪ್ಯಾನರಿನಿಂದ ತಟ್ಟಿ ಸದ್ದು ಕೇಳುತ್ತಾರೆ. ಕೆಳಗೆ ಅರವತ್ತು ಮಂದಿ ಹೆಲ್ಮೆಟ್ ತೊಟ್ಟು ಕಾಯುತ್ತಿದ್ದಾರೆ. ಇವರು ಹಸಿರು ಚೀಟಿ ನೇತುಹಾಕುವ ತನಕ ಯಾರೂ ಮೇಲೆ ಕಾಲಿಡುವಂತಿಲ್ಲ.

"ಯಲ್ಲಾ ಮೋಹನ್, ಯಲ್ಲಾ!" ಎಂಜಿನಿಯರ್ ಕೈಗಡಿಯಾರ ತೋರಿಸುತ್ತಾನೆ.

"ಮಾಫಿ ಖಲಾಸ್ ಸರ್!" ಮುಗಿದಿಲ್ಲ ಎಂದರೆ ಮುಗಿದಿಲ್ಲ. ಇಪ್ಪತ್ತು ನಿಮಿಷ ಕಳೆದು ಹಸಿರು ಚೀಟಿ ನೇತಾಡುತ್ತದೆ, ಅರವತ್ತು ಮಂದಿ ಹತ್ತುತ್ತಾರೆ.

ಉಡುಪಿ ಕಡೆಯ ಶಿರ್ವದ ಮೋಹನದಾಸರಿಗೆ ಈಗ ಐವತ್ತೆರಡು. ಗಲ್ಫಿಗೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಮೊದಲು ಸಾರುವೆ ಕಟ್ಟುತ್ತಿದ್ದರು, ಈಗ ಪರೀಕ್ಷೆ ಮಾಡುತ್ತಾರೆ. ದಿನಕ್ಕೆ ನಾನೂರು ಹಲಗೆ, ಎರಡು ಸಾವಿರ ಕ್ಲಾಂಪು. ಈ ಹಟದ ಹಿಂದೆ ಒಂದು ಗಾಯವಿದೆ. ದುಬೈಯಲ್ಲಿ ಹಿಂದೊಮ್ಮೆ ಅವಸರದಲ್ಲಿ ಒಂದೇ ಒಂದು ಹಲಗೆ ನೋಡದೆ ಬಿಟ್ಟರು. ಜೊತೆಗಾರ ಉಮ್ಮರಬ್ಬ ಮೂರನೇ ಮಹಡಿಯಿಂದ ಬಿದ್ದರು. ಜೀವ ಉಳಿಯಿತು, ಕಾಲು ಹೋಯಿತು. "ಅವ ಬಿದ್ದದ್ದಲ್ಲ, ನಾನು ಬೀಳಿಸಿದ್ದು," ಎನ್ನುತ್ತಾರೆ ಮೋಹನದಾಸ್.

ಅದಾದ ಮೇಲೆ ಅವರು ನೋಡಿಕೊಂಡ ಸೈಟುಗಳಲ್ಲಿ ಒಬ್ಬನೂ ಬೀಳಲಿಲ್ಲ. ಅದಕ್ಕೇ ಕಂಪನಿ ೨೦೧೬ರಲ್ಲಿ ಅವರನ್ನೂ ಸೇಫ್ಟಿ ಆಫೀಸರ್ ಲಿಯೊನೆಲ್‌ರನ್ನೂ ಎಂಟು ದಿನ ಒಂದು ಪ್ರವಾಸಿ ತಂಡದ ಜೊತೆ ಜರ್ಮನಿಗೆ ಕಳಿಸಿತು. ಆ ಹೆಸರು ಎತ್ತಿದ್ದೇ ತಡ, ಮೋಹನದಾಸರ ಎರಡೂ ಕೈ ಮಾತಿಗಿಳಿಯುತ್ತವೆ.

"ರೋಥೆನ್‌ಬರ್ಗ್ ಅಂತ ಒಂದು ಊರುಂಟು ಮಾರಾಯ್ರೆ! ಹಳೇ ಮನೆಗಳ ಮರದ ಕಂಬ, ಅಡ್ಡ, ಓರೆ ಎಲ್ಲ ಗೋಡೆಯ ಹೊರಗೇ ಕಾಣ್ತದೆ. ನಮ್ಮ ಸ್ಕಾಫೋಲ್ಡಿಂಗೇ! ಐನೂರು ವರ್ಷದಿಂದ ಬಿಚ್ಲಿಕ್ಕೆ ಮರೆತಿದ್ದಾರೆ ಅಂದೆ ಲಿಯೊನೆಲ್‌ಗೆ."

ನ್ಯೂರೆಂಬರ್ಗಿನಲ್ಲಿ ಹಳೆಯ ಕಲ್ಲುಗೋಡೆಯೊಂದರ ಮೇಲೆ ಸಾಲಾಗಿ ಚೌಕ ತೂತುಗಳು. ಉಳಿದವರು ಮುಂದೆ ಹೋದರು, ಇವರು ನಿಂತೇಬಿಟ್ಟರು. "ಆ ಕಾಲದಲ್ಲಿ ಹಲಗೆ ಹಾಸ್ಲಿಕ್ಕೆ ಮರದ ತುಂಡು ಸಿಕ್ಕಿಸಿದ ತೂತು ಅದು! ಒಳಗೆ ಮುಷ್ಟಿ ಹಾಕಿ ನೋಡಿದೆ. ಇಲ್ಲಿ ನಮ್ಮ ಕೆಲಸದವನೊಬ್ಬ ನಿಂತಿದ್ದ ಅಂತ ಮೈ ಜುಮ್ಮೆಂದಿತು."

ಆರನೇ ದಿನ ರೇಗೆನ್ಸ್‌ಬರ್ಗ್. ಡಾನ್ಯೂಬ್ ನದಿಯ ಕಲ್ಲಿನ ಸೇತುವೆ ದಾಟಿ ಓಣಿಗೆ ಬಂದರೆ ದುರಸ್ತಿಯಲ್ಲಿದ್ದ ಹಳೆಯ ಚರ್ಚು. ಎಲ್ಲರ ಕಣ್ಣು ಗೋಪುರದ ಮೇಲೆ, ಇವರದು ಅದಕ್ಕೆ ಕಟ್ಟಿದ ಸಾರುವೆಯ ಮೇಲೆ. ನಾಲ್ಕನೇ ಹಂತದಲ್ಲಿ ಒಂದು ಹಲಗೆಯ ತುದಿ ಪೈಪಿನ ಮೇಲೆ ಕೂತಿರಲಿಲ್ಲ. ಕಲ್ಲು ಕೆತ್ತುವ ಹುಡುಗಿಯೊಬ್ಬಳು ಉಳಿ ಹಿಡಿದು ಅದರತ್ತಲೇ ನಡೆದು ಬರುತ್ತಿದ್ದಳು.

"ಉಂತುಲೆ!" ಎಂದು ತುಳುವಿನಲ್ಲೇ ಕಿರುಚಿದರು. ನಿಲ್ಲಿ ಎಂದು ಅರ್ಥ. ಅವಳಿಗೆ ತುಳು ಎಲ್ಲಿಂದ ಬರಬೇಕು? ಆದರೆ ಆ ದನಿಗೆ ಬೆಚ್ಚಿ ನಿಂತಳು. ಹಲಗೆಗೂ ಅವಳ ಕಾಲಿಗೂ ಒಂದು ಗೇಣು. ಲಿಯೊನೆಲ್ ಇಂಗ್ಲಿಷಿನಲ್ಲಿ ವಿವರಿಸಿದರು, ಫೋರ್‌ಮ್ಯಾನ್ ಹತ್ತಿ ನೋಡಿ ತಲೆ ಮೇಲೆ ಕೈ ಹೊತ್ತ. ಹಲಗೆ ಸರಿಯಾಗುವ ಹೊತ್ತಿಗೆ ಇವರು ಹತ್ತಬೇಕಿದ್ದ ಪ್ರವಾಸಿಗಳ ದೋಣಿ ಹೊರಟುಹೋಗಿತ್ತು.

"ಚರ್ಚಿನ ಹೆಸರು ಮಾತ್ರ ಬರೀಬೇಡಿ," ಎಂದು ಕೈಮುಗಿಯುತ್ತಾರೆ. "ಅವರ ಕೆಲಸ ಚೊಕ್ಕವೇ. ಒಂದು ಹಲಗೆ ಯಾರ ಕಣ್ಣಿಗಾದರೂ ತಪ್ತದೆ."

ವಾರದ ರಜೆಗೆ ಹೋಗುವ ದುಬೈಯ ಅಲ್ ಕುಸೈಸ್‌ನ ಮನೆಯಲ್ಲಿ ಪತ್ನಿ ಲೋಲಾಕ್ಷಿಯವರಿಗೆ ಇನ್ನೂ ನಗು. "ಇನ್ನೂರು ಫೋಟೊ ತಂದಿದ್ದಾರೆ. ಬರೀ ಪೈಪು, ಕ್ಲಾಂಪು! ಇವರದೇ ಒಂದು ಮುಖ ಇಲ್ಲ."

ಅಷ್ಟು ಊರು ಸುತ್ತಿದ್ದರಲ್ಲಿ ಎಲ್ಲಕ್ಕಿಂತ ಚೆಂದ ಯಾವುದು ಎಂದು ಕೇಳಿದರೆ ಮೋಹನದಾಸ್ ಯೋಚಿಸುವುದೇ ಇಲ್ಲ. "ಸಂಜೆ ಐದಕ್ಕೆ ಆ ಹುಡುಗಿ ಕೆಳಗಿಳಿದು, ಸೈಕಲ್ ಹತ್ತಿ ಮನೆಗೆ ಹೋದಳು. ಅದನ್ನು ನೋಡ್ಲಿಕ್ಕೆ ನಾನು ಚರ್ಚಿನ ಮೆಟ್ಟಿಲಲ್ಲಿ ಮೂರು ಗಂಟೆ ಕೂತಿದ್ದೆ."