ಬನ್ನಣ್ಣ ಮಲಗುವ ಬೀದಿ

ಹಸಿವಿಗೆ ರುಚಿ ಬೇಡ, ನಿದ್ದೆಗೆ ಹಾಸಿಗೆ ಬೇಡ ಅನ್ನುತ್ತಾರೆ. ಹಾಗಂದವರು ರಾತ್ರಿ ಹೊತ್ತು ಮಲಗುವ ಭಾಗ್ಯವಂತರಿರಬೇಕು. ಬನ್ನಣ್ಣನಿಗೆ ಹಾಸಿಗೆ ಇಲ್ಲದಿದ್ದರೂ ನಡೆಯುತ್ತಿತ್ತು, ಸದ್ದು ಮಾತ್ರ ಇರಬಾರದಾಗಿತ್ತು. ರಾತ್ರಿಯೆಲ್ಲ ಬೇಕರಿಯ ಭಟ್ಟಿಯ ಮುಂದೆ ನಿಂತು ಬ್ರೆಡ್ಡು, ಬನ್ನು ಬೇಯಿಸಿ ಅವನು ಮನೆಗೆ ಬರುವ ಹೊತ್ತಿಗೆ ಊರಿನವರೆಲ್ಲ ಹಲ್ಲುಜ್ಜುತ್ತಿರುತ್ತಾರೆ.

ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಪೇಟೆಯ ನಡುವೆ, ಪಾತ್ರೆ ಅಂಗಡಿಯ ಮೇಲಿನ ಕೋಣೆಯಲ್ಲಿದ್ದರು. ಅಲ್ಲಿ ಹಗಲು ನಿದ್ದೆ ಮಾಡುವುದೂ ಒಂದೇ, ಸಂತೆಯಲ್ಲಿ ಕೂತು ತಪಸ್ಸು ಮಾಡುವುದೂ ಒಂದೇ. ನಿದ್ದೆಗೆಟ್ಟು ನಿದ್ದೆಗೆಟ್ಟು ಕಡೆಗೊಂದು ದಿನ ಬನ್ನಣ್ಣ ಭಟ್ಟಿಯ ಮುಂದೆ ನಿಂತಲ್ಲೇ ತೂಕಡಿಸಿದ. ಕಾದ ತಟ್ಟೆ ಬಲಗೈಗೆ ತಗುಲಿ ಮೊಣಕೈವರೆಗೂ ಚರ್ಮ ಎದ್ದು ಬಂತು. ಮಾಲೀಕರು ಒಳ್ಳೆಯವರೇ. ಆದರೂ, "ಇನ್ನೊಂದ್ಸಲ ಹೀಗಾದ್ರೆ ನಿನ್ನನ್ನ ಭಟ್ಟಿ ಹತ್ರ ಬಿಡಲ್ಲಪ್ಪ. ನಿನ್ನ ಹೆಂಡ್ತಿಗೆ ಯಾರು ಉತ್ತರ ಕೊಡೋದು?" ಅಂದುಬಿಟ್ಟರು. ಭಟ್ಟಿ ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ನಿದ್ದೆ ಹೋದರೆ ಅನ್ನವೂ ಹೋಯಿತು ಅಂತಲೇ ಅರ್ಥ.

ಆಗ ಹೆಂಡತಿ ಊರಂಚಿನ ಈ ಬಡಾವಣೆಯಲ್ಲಿ ಮನೆ ಹುಡುಕಿದಳು. ಒಂದು ಅಡ್ಡಬೀದಿ, ಎರಡೂ ಕಡೆ ಗೋಡೆಗೆ ಗೋಡೆ ಅಂಟಿಕೊಂಡ ಪುಟ್ಟ ಮನೆಗಳು. ಒಬ್ಬರು ಸೀನಿದರೆ ಪಕ್ಕದವರು ಮೂಗು ಒರೆಸಿಕೊಳ್ಳಬೇಕು, ಅಷ್ಟು ಹತ್ತಿರ. "ಇಲ್ಲಿ ನಿದ್ದೆ ಬಂದ ಹಾಗೇ ಇದೆ," ಅಂತ ಬನ್ನಣ್ಣ ಗೊಣಗಿದ. ಮೊದಲ ವಾರವೇ ಬಂತು. ಆಮೇಲೆ ದಿನವೂ ಬಂತು. ಕೈ ಮಾಯಿತು, ಭಟ್ಟಿ ಉಳಿಯಿತು, ವರ್ಷಗಳು ಉರುಳಿದವು.

ಬೇಕರಿಯಲ್ಲಿ ಹಿಟ್ಟು ನಾದುವವರ ಮುಂದೆ ಅವನ ಕೊಚ್ಚುವಿಕೆಗೆ ಮಿತಿಯೇ ಇರಲಿಲ್ಲ. "ನಮ್ಮ ಬೀದೀಲಿ ಇರುವೆ ನಡೆದ್ರೂ ಕೇಳ್ಸುತ್ತೆ ಕಣ್ರೋ!" ಆದರೆ ಒಳಗೊಳಗೇ ಬೀದಿಯವರ ಬಗ್ಗೆ ಅವನಿಗೆ ಸ್ವಲ್ಪ ಮರುಕ. ಪಾಪ, ಉಪ್ಪು ಖಾರ ಇಲ್ಲದ ಜನ. ಎದುರು ಮನೆಯ ಬಡಗಿ ಬೆಳಗ್ಗೆಯೆಲ್ಲ ಮರಳು ಕಾಗದ ಉಜ್ಜುತ್ತ ಕೂತಿರುತ್ತಾನೆ, ಸುತ್ತಿಗೆ ಎತ್ತುವುದು ಮಧ್ಯಾಹ್ನ ಕಳೆದ ಮೇಲೆ. ಸೋಮಾರಿ. ಪಕ್ಕದ ಟೈಲರಕ್ಕನಿಗೆ ಮೋಟಾರು ಮಿಷನ್ನೇ ಇದೆ, ಆದರೂ ಬೆಳಗ್ಗೆ ಗುಂಡಿ ಹೊಲಿಯುತ್ತ ಕಾಲ ಕಳೆಯುತ್ತಾಳೆ. ತರಕಾರಿ ಗಾಡಿಯವನಂತೂ ಬಾಯಿ ಬಿಟ್ಟು ಕೂಗುವುದಿಲ್ಲ, ಹೆಂಗಸರೇ ಗೇಟಿನ ಹತ್ತಿರ ಕಾಯಬೇಕು. ಇವರೆಲ್ಲ ಹೇಗೆ ಬದುಕುತ್ತಾರೋ ಅಂತ ಮರುಗುತ್ತಲೇ ಮುಸುಕೆಳೆದು ಮಲಗುತ್ತಿದ್ದ.

ಹೆಂಡತಿಯ ಕಟ್ಟುನಿಟ್ಟು ಒಂದೇ. ಮೈದಾ ಮೆತ್ತಿದ ಬೂಟು ಮನೆಯೊಳಗೆ ಬರಕೂಡದು, ಮೆಟ್ಟಿಲ ಮೇಲೇ ಬಿಡಬೇಕು. ಬಿಡುತ್ತಿದ್ದ.

ಈಚೆಗೆ ಒಂದು ದಿನ ಆ ಬೂಟಿನ ಅಟ್ಟೆ ಬಾಯಿ ಬಿಟ್ಟಿತು. ಬನ್ನಣ್ಣ ಅದನ್ನು ಬೇಕರಿ ಪಕ್ಕದ ಚಮ್ಮಾರನ ಹತ್ತಿರ ಕೊಟ್ಟು, ಯಾರದೋ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದ. ಹೆಂಡತಿ ತಂಗಿಯನ್ನು ನೋಡಲು ಆಸ್ಪತ್ರೆಗೆ ಹೋಗಿದ್ದಳು. ಚಪ್ಪಲಿಗೆ ಹಿಟ್ಟಿನ ಸೋಂಕಿಲ್ಲವಲ್ಲ ಅಂತ ಒಳಗೇ ಬಿಟ್ಟು, ಬಾಗಿಲು ಹಾಕಿಕೊಂಡು ಮಲಗಿದ.

ಕಣ್ಣು ಹತ್ತುವಷ್ಟರಲ್ಲಿ ಆಕಾಶವೇ ಕಳಚಿ ಬಿದ್ದಂತಾಯಿತು. ಢಂ ಢಂ ಅಂತ ಸುತ್ತಿಗೆ. ಗೋಡೆಯಾಚೆ ಹೊಲಿಗೆ ಮಿಷನ್ನಿನ ಗಡಗಡ. "ಟಮಾಟೇ, ಈರುಳ್ಳೀ!" ಅಂತ ಕಿವಿ ತಮಟೆ ಹರಿಯುವ ಕೂಗು. ಯಾರೋ ಯಾರನ್ನೋ ಬೀದಿಯ ಆ ತುದಿಯಿಂದ ಕರೆಯುತ್ತಿದ್ದಾರೆ, ಅವರು ಈ ತುದಿಯಿಂದ ನಗುತ್ತಿದ್ದಾರೆ. ಬನ್ನಣ್ಣ ಕಿವಿಗೆ ಹತ್ತಿ ತುರುಕಿದ, ದಿಂಬು ಒತ್ತಿದ. ಬಲಗೈಯ ಹಳೆಯ ಕಲೆ ನೋಡಿಕೊಂಡ. ರಾತ್ರಿ ಭಟ್ಟಿ ಕಾದಿರುತ್ತದೆ, ಇವತ್ತು ನಿದ್ದೆಯಿಲ್ಲದೆ ಅದರ ಮುಂದೆ ನಿಲ್ಲುವುದು ಹೇಗೆ? ಭಯಕ್ಕೆ ಸಿಟ್ಟು ಸೇರಿ ಪಿತ್ತ ನೆತ್ತಿಗೇರಿತು. ಬನಿಯನ್ನಿನಲ್ಲೇ ಬೀದಿಗೆ ನುಗ್ಗಿದ.

"ಏನ್ರೀ ಬಂದಿದೆ ಇವತ್ತು ನಿಮಗೆಲ್ಲ?"

ಬಡಗಿಯ ಸುತ್ತಿಗೆ ಎತ್ತಿದಲ್ಲೇ ನಿಂತಿತು. "ಅಯ್ಯೋ ಬನ್ನಣ್ಣ! ಮನೇಲಿದ್ದೀರಾ? ಬೂಟೆಲ್ಲಿ?"

"ನಿದ್ದೆ ಹಾಳಾಯ್ತು ಅಂದ್ರೆ ಬೂಟು ಕೇಳ್ತೀಯಲ್ಲೋ!"

ಟೈಲರಕ್ಕ ನೂಲು ಕಚ್ಚಿಕೊಂಡೇ ಹೊರಗೆ ಬಂದಳು. ಗಾಡಿಯವನು ಬಾಯಿ ಮುಚ್ಚಿಕೊಂಡ. ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಕೈಚೀಲ ಹಿಡಿದು ಬಂದ ಹೆಂಡತಿ, ಗಂಡನನ್ನೂ ಖಾಲಿ ಮೆಟ್ಟಿಲನ್ನೂ ನೋಡಿ ಹಾಲು ಕದ್ದ ಬೆಕ್ಕಿನ ಹಾಗೆ ನಿಂತುಬಿಟ್ಟಳು.

"ಹೇಳ್ಬಿಡಮ್ಮ," ಅಂದಳು ಟೈಲರಕ್ಕ.

ಹೇಳಿದಳು. ಮನೆಗೆ ಬಂದ ಮೊದಲ ವಾರವೇ ಸುಟ್ಟ ಕೈಯ ಕಥೆ ಹೇಳಿಕೊಂಡು ಮನೆಮನೆಗೂ ಹೋಗಿದ್ದಳು. ಮೆಟ್ಟಿಲ ಮೇಲೆ ಬೂಟಿದ್ದರೆ ಇವರು ಮಲಗಿದ್ದಾರೆ ಅಂತ ತಿಳ್ಕೊಳ್ಳಿ, ಸ್ವಲ್ಪ ನೋಡ್ಕೊಳ್ಳಿ ಅಂದಿದ್ದಳು. ಅಷ್ಟೇ ಅವಳು ಕೇಳಿದ್ದು. ಹಿಟ್ಟಿನ ಮಾತೆಲ್ಲ ನೆಪ.

ಬನ್ನಣ್ಣ ಜಗಲಿಯ ಮೇಲೆ ಕುಸಿದು ಕೂತ. ಸೋಮಾರಿ ಅಂದುಕೊಂಡವನ ಮುಖ ನೋಡಲಾಗಲಿಲ್ಲ.

"ಟೈಲರಕ್ಕ, ನಿಮ್ಮ ಮಗಳು ಹುಟ್ಟಿದ್ದೂ ಇಲ್ಲೇ ಅಲ್ವಾ? ಕೂಸು ಅತ್ತಿದ್ದು ನಾನು ಒಂದಿನಾನೂ ಕೇಳಿಲ್ಲ."

"ಅಳೋದೇನು, ಕಿರುಚೋಳು! ಹೊಟ್ಟೆನೋವಿನ ಕೂಸು. ಬೆಳಗಾದ್ರೆ ಎತ್ಕೊಂಡು ಆ ನೀರಿನ ಟ್ಯಾಂಕ್ ಹತ್ರ ಹೋಗ್ತಿದ್ದೆ. ನಾನು ಬಾಣಂತಿ, ಜಾಸ್ತಿ ಹೊತ್ತು ನಿಲ್ಲೋಕಾಗ್ತಿರಲಿಲ್ಲ. ಒಂದು ಮನೆಯವರು ಬಂದು ಕೂಸು ಇಸ್ಕೊಳ್ಳೋರು, ಆಮೇಲೆ ಇನ್ನೊಂದು ಮನೆಯವರು. ಹಂಗೇ ಬೆಳೆದ್ಲು."

"ನಂಗೊಂದು ಮಾತು ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನೀವು ನಿದ್ದೆ ಮಾಡ್ತಿದ್ರಾ ಬನ್ನಣ್ಣ?"

ಅವನಿಗೆ ಅಳು ಬಂತು. ಬೀದಿಯ ನಡುವೆ, ಬನಿಯನ್ನಿನಲ್ಲಿ, ಎಲ್ಲರೆದುರು ಅತ್ತ. "ಏಳಿ ಏಳಿ, ಹೋಗಿ ಮಲಗಿ, ರಾತ್ರಿ ಕೆಲಸ ಇದೆ," ಅಂತ ಬಡಗಿ ಗದರಿಸಿ ಒಳಗೆ ಕಳಿಸಿದ.

ಹಾಸಿಗೆಯ ಮೇಲೆ ಬಿದ್ದುಕೊಂಡರೆ ನಿದ್ದೆ ಎಲ್ಲಿಂದ ಬರಬೇಕು? ಬೀದಿ ಗಪ್‌ಚಿಪ್ಪಾಗಿತ್ತು. ಆ ನಿಶ್ಶಬ್ದದಲ್ಲಿ ಈಗ ಒಬ್ಬೊಬ್ಬರೂ ಅವನಿಗೆ ಕಾಣುತ್ತಿದ್ದರು. ಆ ಕಡೆ ಹೊರಳಿದ, ಈ ಕಡೆ ಹೊರಳಿದ. ಎದೆ ತುಂಬಿ ಬರುತ್ತಿತ್ತೇ ಹೊರತು ಕಣ್ಣು ಮುಚ್ಚುತ್ತಿರಲಿಲ್ಲ. ಕಿಟಕಿಯಾಚೆ ಪಿಸುಮಾತು ಕೇಳಿಸಿತು.

"ಮಲಗಿದ್ರಾ?" ಬಡಗಿಯ ದನಿ.

"ಇಲ್ಲ ಕಣಣ್ಣ, ಹೊರಳಾಡ್ತಾನೇ ಇದ್ದಾರೆ." ಹೆಂಡತಿಯ ದನಿ. "ಇವತ್ತು ಕೈಗೇನಾದ್ರೂ ಆದ್ರೆ ಏನು ಮಾಡ್ಲಿ?"

"ಶ್ಶ್! ಕೇಳ್ಸುತ್ತೆ." ಅದು ಟೈಲರಕ್ಕ.

ಎಲ್ಲರೂ ಕಿಟಕಿಯ ಕೆಳಗೇ ನಿಂತಿದ್ದರು, ಕೆಲಸ ಬಿಟ್ಟು, ಅವನ ನಿದ್ದೆ ಕಾಯುತ್ತ. ಬನ್ನಣ್ಣ ಗೋಡೆಗೆ ಮುಖ ಮಾಡಿದ. ಬಾಯಿ ತೆರೆದು ಮೆಲ್ಲಗೆ ಗೊರಕೆ ಹೊಡೆದ. ಹೊರಗೆ ಅಷ್ಟೂ ಜನ ಒಟ್ಟಿಗೆ ಉಸಿರು ಬಿಟ್ಟರು. ತುದಿಗಾಲಿನಲ್ಲಿ ಒಬ್ಬೊಬ್ಬರೇ ಚದುರಿದರು. ಕೊನೆಯ ಮನೆಯವರಿಗೂ ನೆಮ್ಮದಿಯಾಗಲಿ ಅಂತ ಬನ್ನಣ್ಣ ಇನ್ನೂ ಜೋರಾಗಿ ಗೊರೆದ. ಸುಳ್ಳು ಗೊರಕೆ ಎಲ್ಲಿ ಮುಗಿದು ನಿಜದ್ದು ಎಲ್ಲಿ ಶುರುವಾಯಿತೋ ಅವನಿಗೇ ತಿಳಿಯಲಿಲ್ಲ. ಸಂಜೆ ಹೆಂಡತಿ ಭುಜ ಹಿಡಿದು ಅಲ್ಲಾಡಿಸಿ ಎಬ್ಬಿಸಬೇಕಾಯಿತು.