ಎರಡು ಪುಟಗಳಲ್ಲಿ ಕಂಡ ಕಂದು ನಾಯಿ

ಆಕೆಯನ್ನು ಹೆಸರು ಹಿಡಿದು ಕರೆಯುವವರು ಮನೆಯಲ್ಲೂ ಇರಲಿಲ್ಲ, ಕೆಲಸದ ಜಾಗದಲ್ಲೂ ಇರಲಿಲ್ಲ. ಎಲ್ಲರಿಗೂ ಆಕೆ ನಿಧಾನಕ್ಕ. ಮಾತು ನಿಧಾನ, ನಡಿಗೆ ನಿಧಾನ, ಊಟವಂತೂ ಕೇಳುವುದೇ ಬೇಡ. ಉಳಿದವರು ಕೈ ತೊಳೆದು ಬಂದು ಹರಟೆಗೆ ಕೂತಾಗಲೂ ಆಕೆಯ ತಟ್ಟೆಯಲ್ಲಿ ಅರ್ಧ ಹಾಗೇ ಇರುತ್ತಿತ್ತು. ಗಂಡ ಬಸ್ ಓಡಿಸುತ್ತಿದ್ದ. ತಾನು ಎರಡು ಟ್ರಿಪ್ ಮುಗಿಸಿ ಬರುವಷ್ಟರಲ್ಲಿ ಇವಳದು ಒಂದು ವಾಕ್ಯ ಮುಗಿದಿರುತ್ತದೆ ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಆಕೆಯೂ ನಗುತ್ತಿದ್ದಳು, ಸ್ವಲ್ಪ ತಡವಾಗಿ.

ಮೊದಲು ಒಂದು ಅಚ್ಚುಕೂಟದಲ್ಲಿ ಟೈಪ್ ಮಾಡುತ್ತಿದ್ದವಳು. ಅದು ಬಾಗಿಲು ಹಾಕಿದಾಗ, ತಲೆಯಲ್ಲಿ ಬಿಳಿಕೂದಲು ಇಣುಕುವ ವಯಸ್ಸಿನಲ್ಲಿ, ಸಂಜೆ ತರಗತಿಗೆ ಸೇರಿ ವೆಬ್‌ಸೈಟ್ ಮಾಡುವುದನ್ನು ಕಲಿತಳು. ಈಗ ಸೈಕಲ್ ಅಂಗಡಿಯ ಮಹಡಿಯ ಮೇಲಿನ ಪುಟ್ಟ ಆಫೀಸಿನಲ್ಲಿ ಅದೇ ಕೆಲಸ. ರಜೆಯ ದಿನ ಮಾತ್ರ ತನ್ನ ಬೀದಿಯ ಕೊನೆಯಲ್ಲಿದ್ದ ಪ್ರಾಣಿಗಳ ಆಶ್ರಯಧಾಮದ ವೆಬ್‌ಸೈಟನ್ನು ನೋಡಿಕೊಳ್ಳುತ್ತಿದ್ದಳು. ಅದು ಹಣಕ್ಕಲ್ಲ, ಪ್ರೀತಿಗೆ.

ಆಶ್ರಯಧಾಮವೆಂದರೆ ಹಿಂದೆ ಲಾರಿಗಳು ನಿಲ್ಲುತ್ತಿದ್ದ ತಗಡಿನ ಶೆಡ್ಡು. ಅದನ್ನು ನಡೆಸುತ್ತಿದ್ದದ್ದು ಒಬ್ಬ ಪಶುವೈದ್ಯೆ. ಬೀದಿಪಾಲಾದ ನಾಯಿ ಬೆಕ್ಕುಗಳನ್ನು ತಂದು, ಗುಣಪಡಿಸಿ, ಫೋಟೋ ತೆಗೆದು ಪಟ್ಟಿಗೆ ಸೇರಿಸುತ್ತಿದ್ದರು. ಜನ ಫೋನಿನಲ್ಲಿ ನೋಡಿ, ಮನಸ್ಸಿಗೆ ಹಿಡಿಸಿದ್ದನ್ನು ಬಂದು ಮನೆಗೆ ಕರೆದೊಯ್ಯುತ್ತಿದ್ದರು. ಶುರುವಿನಲ್ಲಿ ಬೆರಳೆಣಿಕೆಯ ನಾಯಿಗಳಿದ್ದವು, ಒಂದೇ ಪುಟ ಸಾಕಾಗಿತ್ತು. ಆಮೇಲೆ ಹಳೆಯ ಗೋದಾಮೊಂದನ್ನು ಕೆಡವಿದಾಗ ಅಲ್ಲಿ ವಾಸವಾಗಿದ್ದ ನಾಯಿಗಳ ಹಿಂಡೇ ಒಂದೇ ದಿನ ಬಂದಿಳಿಯಿತು. ಅಲ್ಲಿಗೆ ಪುಟ ಏದುಸಿರು ಬಿಡತೊಡಗಿತು. ಎಲ್ಲ ಪ್ರಾಣಿಗಳ ಎಲ್ಲ ಫೋಟೋಗಳೂ ಒಟ್ಟಿಗೇ ಬರಬೇಕು; ಅವು ಬರುವಷ್ಟರಲ್ಲಿ ನೋಡುವವರು ಫೋನನ್ನು ಜೇಬಿಗಿಟ್ಟುಕೊಂಡು ಬೇರೆ ಕೆಲಸಕ್ಕೆ ಹೊರಟಿರುತ್ತಿದ್ದರು. ಪಟ್ಟಿಯ ಕೆಳಗಿದ್ದ ಪ್ರಾಣಿಗಳನ್ನು ಕೇಳುವವರೇ ಇರಲಿಲ್ಲ.

ಪುಟಕ್ಕೂ ಒಡತಿಯ ಗುಣವೇ ಬಂದಿದೆ ಎಂದ ಗಂಡ. ಆಕೆ ಚಹಾ ಲೋಟ ಕೆಳಗಿಟ್ಟು, ಯೋಚಿಸಿ, ಹೇಳಿದಳು:

"ನಿಮ್ಮ ಬಸ್ಸಿಗೆ ಊರನ್ನೇ ತುಂಬಿದ್ರೆ ಅದೂ ಏರು ಹತ್ತಲ್ಲ."

ಹೇಳಿದ ಮೇಲೆ ಆಕೆಗೇ ದಾರಿ ಹೊಳೆಯಿತು. ಪುಟಕ್ಕೆ ಹನ್ನೆರಡು ಪ್ರಾಣಿಗಳು, ಅಷ್ಟೇ. ಹೊಸದಾಗಿ ಬಂದವು ಮೊದಲು, ಹಳಬರು ನಂತರ. ಕೆಳಗೆ ಒಂದು, ಎರಡು, ಮೂರು ಎಂದು ಅಂಕಿಗಳು, ಅವುಗಳ ಅಕ್ಕಪಕ್ಕ 'ಹಿಂದಿನ', 'ಮುಂದಿನ' ಎಂಬ ಬಟನ್‌ಗಳು. ನೋಡುವವರು ಯಾವ ಪುಟ ಕೇಳುತ್ತಾರೋ ಆ ಹನ್ನೆರಡು ಮಾತ್ರ ಬರಬೇಕು, ಉಳಿದವು ತಮ್ಮ ಪಾಡಿಗೆ ಇರಬೇಕು. ಎರಡು ರಜೆಯ ದಿನ ಕೂತು ಮುಗಿಸಿದಳು. ಪುಟ ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಂಡಾಗ ಡಾಕ್ಟರು ಅದನ್ನು ಮತ್ತೆ ಮತ್ತೆ ಮುಚ್ಚಿ ತೆರೆದು ನೋಡಿದರಂತೆ.

ಮುಂದಿನ ಭಾನುವಾರವೇ ಶೆಡ್ಡಿನ ಬಾಗಿಲಲ್ಲಿ ಜಗಳದ ಸದ್ದು. ಬೇಕರಿ ನಡೆಸುವ ಹೆಂಗಸು ಇಬ್ಬರು ಹೆಣ್ಣುಮಕ್ಕಳ ಜೊತೆ ಬಂದಿದ್ದಳು. ಗಡಿಯಾರ ರಿಪೇರಿಯ ಯಜಮಾನರು ಹೆಂಡತಿಯ ಜೊತೆ ಬಂದಿದ್ದರು. ಇಬ್ಬರಿಗೂ ಬೇಕಾದದ್ದು ಕಿವಿ ಮಡಿಸಿದ ಅದೇ ಕಂದು ನಾಯಿ. ತಾನು ಮೊದಲ ಪುಟದಲ್ಲೇ ಆರಿಸಿದ್ದು ಎಂದಳು ಬೇಕರಿಯಾಕೆ. ಸುಳ್ಳು, ಇದು ಎರಡನೇ ಪುಟದ ನಾಯಿ ಎಂದರು ಯಜಮಾನರು. ನಾಯಿ ಮಾತ್ರ ಎರಡೂ ಕಡೆಗೆ ಬಾಲ ಆಡಿಸುತ್ತಿತ್ತು.

ಡಾಕ್ಟರು ಕರೆ ಮಾಡಿದರು. ನಿಧಾನಕ್ಕ ಬಂದಳು, ಎರಡೂ ಫೋನುಗಳನ್ನು ಕೈಗೆ ತೆಗೆದುಕೊಂಡು ಅಕ್ಕಪಕ್ಕ ಹಿಡಿದಳು. ಇಬ್ಬರೂ ಹೇಳಿದ್ದು ನಿಜವೇ. ಒಂದರಲ್ಲಿ ಮೊದಲ ಪುಟದ ಕೊನೆಗೆ, ಇನ್ನೊಂದರಲ್ಲಿ ಎರಡನೇ ಪುಟದ ಮೊದಲಿಗೆ, ಅದೇ ಕಂದು ಮುಖ. ಆಕೆಯ ಕಿವಿ ಬಿಸಿಯಾಯಿತು. ಗೋದಾಮಿನ ನಾಯಿಗಳೆಲ್ಲ ಬಂದದ್ದು ಒಂದೇ ದಿನ. ಅವುಗಳಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ಆಕೆ ಕಂಪ್ಯೂಟರಿಗೆ ಹೇಳಿರಲೇ ಇಲ್ಲ. ಅದು ಪ್ರತಿ ಪುಟ ಕೇಳಿದಾಗಲೂ ತನಗೆ ತೋಚಿದಂತೆ ಹೊಸದಾಗಿ ಸಾಲು ನಿಲ್ಲಿಸುತ್ತಿತ್ತು.

ಎಲ್ಲರೂ ಆಕೆಯ ಬಾಯನ್ನೇ ನೋಡುತ್ತಿದ್ದರು.

"ಡಾಕ್ಟ್ರೇ, ಒಂದು ನಾಯಿ ಎರಡು ಕಡೆ ಇದೆ ಅಂದ್ರೆ, ಇನ್ನೊಂದು ಎಲ್ಲೂ ಇಲ್ಲ ಅಂತ."

ಜಗಳ ಅಲ್ಲಿಗೇ ನಿಂತಿತು. ಎಲ್ಲರೂ ಹುಡುಕಲು ಹೊರಟರು. ಡಾಕ್ಟರು ಒಂದೊಂದೇ ಗೂಡಿನ ಮುಂದೆ ನಿಲ್ಲುವುದು, ಬೇಕರಿಯ ಹುಡುಗಿಯರು ಫೋನಿನಲ್ಲಿ ಪುಟ ತಿರುಗಿಸಿ ಆ ಮುಖವನ್ನು ಹುಡುಕುವುದು. ಕಡೆಗೆ ನೀರಿನ ಡ್ರಮ್ಮಿನ ಹಿಂದಿನ ಗೂಡಿಗೆ ಬಂದರು. ಅಲ್ಲೊಂದು ಕಪ್ಪುಬಿಳಿ ನಾಯಿ, ಶಾಯಿ ಚೆಲ್ಲಿದಂತೆ ಮೂತಿಯ ಮೇಲೆ ಮಚ್ಚೆ. ಯಾವ ಪುಟದಲ್ಲೂ ಅದು ಸಿಗಲಿಲ್ಲ. ಇಷ್ಟು ಸಾಧು ನಾಯಿಯನ್ನು ಒಬ್ಬರೂ ಕೇಳಲಿಲ್ಲವಲ್ಲ ಎಂದು ವಾರವೆಲ್ಲ ಅಂದುಕೊಳ್ಳುತ್ತಿದ್ದೆ ಎಂದರು ಡಾಕ್ಟರು.

ಗೂಡು ತೆರೆದರೆ ನಾಯಿ ಯಾರ ಕಡೆಗೂ ಓಡಲಿಲ್ಲ. ಮೈ ಮುರಿದು ಎದ್ದು, ನೇರ ಗಡಿಯಾರದ ಯಜಮಾನರ ಬಳಿ ಬಂದು, ಅವರ ಬೂಟಿನ ದಾರವನ್ನು ಹಲ್ಲಿನಿಂದ ಎಳೆದು ಬಿಚ್ಚಿತು. ಅವರು ಕಟ್ಟಲು ಕೂತರು. ಅದು ಇನ್ನೊಂದನ್ನೂ ಬಿಚ್ಚಿತು. ಆಮೇಲೆ ಅವರು ಕಟ್ಟುವ ಗೋಜಿಗೇ ಹೋಗದೆ ನೆಲದ ಮೇಲೆ ಕೂತು ಅದರ ಕತ್ತು ತುರಿಸತೊಡಗಿದರು. ಕಂದು ನಾಯಿಯೇ ಆಗಬೇಕೆಂದು ಹಟ ಹಿಡಿದಿದ್ದದ್ದು ಅವರ ಹೆಂಡತಿ. ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಏಳಿ ಇನ್ನು, ಮನೆಗೆ ಹೋಗೋಣ," ಎಂದರು. "ಮೂರೂ ಜನ."

ಬೇಕರಿಯ ಹುಡುಗಿಯರು ಆ ಹೊತ್ತಿಗಾಗಲೇ ಕಂದು ನಾಯಿಯನ್ನು ಬೀದಿಯ ಅರ್ಧಕ್ಕೆ ಓಡಿಸಿಕೊಂಡು ಹೋಗಿದ್ದರು.

ಮನೆಗೆ ಬಂದವಳೇ ನಿಧಾನಕ್ಕ ತಪ್ಪನ್ನು ತಿದ್ದಿದಳು. ಬಂದ ದಿನ ಒಂದೇ ಆದರೆ, ಕೊರಳಿನ ಬಿಲ್ಲೆಯ ಸಂಖ್ಯೆಯ ಪ್ರಕಾರ ಸಾಲು ನಿಲ್ಲಬೇಕು. ಒಂದೇ ಸಂಖ್ಯೆ ಎರಡು ಪ್ರಾಣಿಗಳಿಗೆ ಇರುವುದಿಲ್ಲ. ಆಮೇಲೆ ಪುಟ ಪುಟ ತಿರುಗಿಸಿ, ಪ್ರತಿಯೊಂದು ಪ್ರಾಣಿಯೂ ಒಮ್ಮೆ, ಒಮ್ಮೆ ಮಾತ್ರ ಕಾಣುತ್ತದೆಯೇ ಎಂದು ನೋಡಿದಳು. ಗಂಡ ಪಕ್ಕದಲ್ಲಿ ಕೂತು ಒಂದೊಂದರ ಹೆಸರು ಓದಿದ. ಕುಂಟ ಬೆಕ್ಕೊಂದು ಅವನಿಗೆ ಬಹಳ ಹಿಡಿಸಿತು, ಅದರ ಹೆಸರನ್ನು ಎರಡು ಸಲ ಓದಿದ.

ಕೊನೆಯ ಪುಟಗಳನ್ನೂ ಜನ ನೋಡತೊಡಗಿದರು. ಹಳಬರು ಒಬ್ಬೊಬ್ಬರಾಗಿ ಮನೆ ಸೇರಿದರು. ಚಳಿ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಡಾಕ್ಟರು ಗಾಬರಿಯಿಂದ ಕರೆ ಮಾಡಿದರು. ಪುಟದ ಕೆಳಗಿನ ಅಂಕಿಗಳೆಲ್ಲ ಮಾಯವಾಗಿವೆ, ಏನೋ ಕೆಟ್ಟುಹೋಗಿದೆ ಎಂದರು.

ನಿಧಾನಕ್ಕ ತೆರೆದು ನೋಡಿದಳು.

"ಏನೂ ಕೆಟ್ಟಿಲ್ಲ ಡಾಕ್ಟ್ರೇ. ಒಂದೇ ಪುಟಕ್ಕೆ ಆಗೋಷ್ಟು ಉಳಿದಿವೆ. ಎರಡನೇ ಪುಟ ಇಲ್ಲದಿದ್ರೆ ಅಂಕಿ ಯಾತಕ್ಕೆ?"

ಆ ಕಡೆಯಿಂದ ಡಾಕ್ಟರು ನಗುವುದು ಕೇಳಿಸಿತು.

ಆ ಸಂಜೆ ಗಂಡ ಹೆಂಡತಿ ಇಬ್ಬರೂ ಶೆಡ್ಡಿಗೆ ಹೋಗಿ ಖಾಲಿ ಗೂಡುಗಳನ್ನು ತೊಳೆದು, ಅಂಗಳದ ಬಿಸಿಲಲ್ಲಿ ಡಾಕ್ಟರ ಜೊತೆ ಚಹಾ ಕುಡಿದರು. ಮರುವಾರ ಹೊಸ ನಾಯಿಗಳು ಬಂದವು, ಅವುಗಳ ಹಿಂದೆಯೇ ಅಂಕಿಗಳೂ ಬಂದವು.